ಗೋಧಿ ಬೀರಿನ ರುಚಿ ಹೇಳುವ ಕೆಲಸ

ನಾನು ಮೊದಲ ಸಲ ಬೀರು ಕುಡಿದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಮೈಮೇಲೆ ನರ್ಸಿನ ಬಿಳಿ ಸೀರೆ ಇತ್ತು, ಕೈಗಳು ಫಿನಾಯಿಲ್ ವಾಸನೆ ಹೊಡೆಯುತ್ತಿದ್ದವು, ಹೊತ್ತು ಮಧ್ಯಾಹ್ನದ ಮೂರು ಗಂಟೆ. ಕುಡಿಸಿದವರು ಎಪ್ಪತ್ತು ದಾಟಿದ ಒಬ್ಬ ವಿದೇಶಿ ಮುದುಕರು. ಇದನ್ನು ನಾನು ನಮ್ಮ ಮನೆಯಲ್ಲಿ ಬಹಳ ವರ್ಷ ಹೇಳಲಿಲ್ಲ. ಅವ್ವ ತೀರಿಕೊಂಡ ಮೇಲೆ ಮಗಳಿಗೆ ಹೇಳಿದೆ. ಅವಳು ನಕ್ಕಳು, ಆಮೇಲೆ ಪೂರ್ತಿ ಹೇಳು ಅಂದಳು.

ನಮ್ಮದು ದೇವದುರ್ಗದ ಕಡೆ ಅರಕೇರಾ. ಹೊಲ ಇರಲಿಲ್ಲ. ನಾನು ಸಣ್ಣವಳಿದ್ದಾಗಲೇ ಅಪ್ಪ ನಮ್ಮನ್ನು ಕರೆದುಕೊಂಡು ರಾಯಚೂರಿಗೆ ಬಂದು ಹತ್ತಿ ಮಿಲ್ಲಿನಲ್ಲಿ ಹಮಾಲಿಗೆ ನಿಂತ. ದಿನವಿಡೀ ಹತ್ತಿಯ ಅಂಡಿಗೆ ಹೊತ್ತು, ಸಂಜೆ ಮಿಲ್ಲು ಬಿಟ್ಟ ಕೂಡಲೇ ಸೇಂದಿ ಅಂಗಡಿಗೆ ಹೋಗುತ್ತಿದ್ದ. ಈಚಲ ಗಿಡದಿಂದ ಇಳಿಸಿದ ಸೇಂದಿಯ ಹುಳಿ ವಾಸನೆ ಅವನ ಬಾಯಲ್ಲಿ ಮಾತ್ರವಲ್ಲ, ತಲೆಗೂದಲಲ್ಲಿ, ಹೆಗಲ ಮೇಲಿನ ವಸ್ತ್ರದಲ್ಲಿ ಇರುತ್ತಿತ್ತು. ಅಪ್ಪ ಹೊಡೆಯುವವನಲ್ಲ, ಬಯ್ಯುವವನೂ ಅಲ್ಲ. ಉಣ್ಣುತ್ತ ಕೂತವನು ಕೈಯಲ್ಲಿ ತುತ್ತು ಹಿಡಿದುಕೊಂಡೇ ಅಳುತ್ತಿದ್ದ. ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿರುತ್ತಿರಲಿಲ್ಲ. ಹೊಟ್ಟೆ ಊದಿ ಆಸ್ಪತ್ರೆ ಸೇರಿ, ಮರಳಿ ಮನೆಗೆ ಬರಲಿಲ್ಲ. ಅಂಥದ್ದನ್ನು ತುಟಿಗೆ ಸೋಕಿಸಬಾರದು ಅಂತ ನಾನು ಆಗಲೇ ನಿರ್ಧಾರ ಮಾಡಿಬಿಟ್ಟಿದ್ದೆ. ಆ ಆಸ್ಪತ್ರೆಯ ನರ್ಸುಗಳನ್ನು ನೋಡಿಯೇ ನರ್ಸಾಗಬೇಕು ಅನ್ನಿಸಿದ್ದು.

ತರಬೇತಿ ಮುಗಿದ ಮೇಲೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಮಾನ್ವಿಯಿಂದ ಪೋತ್ನಾಳಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಮಿಶನ್ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಅದು ಕುಷ್ಠರೋಗಿಗಳ ದವಾಖಾನೆ. ಜನ ಆ ರೋಗದ ಹೆಸರು ಹೇಳುತ್ತಿರಲಿಲ್ಲ, ದೊಡ್ಡ ಜಡ್ಡು ಅನ್ನುತ್ತಿದ್ದರು. ಮಂಗಳವಾರ ದೇವದುರ್ಗ, ಗುರುವಾರ ಸಿರವಾರ, ಉಳಿದ ದಿನ ದವಾಖಾನೆ. ಹಳ್ಳಿ ಹಳ್ಳಿ ತಿರುಗಿ ಬೆನ್ನು, ತೋಳು, ತೊಡೆ ನೋಡಿ ತಿಳಿಬಣ್ಣದ ಮಚ್ಚೆ ಇದೆಯೇ ಅಂತ ಹುಡುಕುವುದು, ಕಣ್ಣು ಮುಚ್ಚಿಸಿ ಕೋಳಿಗರಿ ಸೋಕಿಸಿ ಎಲ್ಲಿ ಮುಟ್ಟಿದೆ ಅಂತ ಕೇಳುವುದು, ಗುಳಿಗೆ ಕೊಡುವುದು, ಪಾದದ ಹುಣ್ಣು ತೊಳೆದು ಪಟ್ಟಿ ಕಟ್ಟುವುದು. ಮನೆ ಮಾನ್ವಿಯಲ್ಲಿ ಬಾಡಿಗೆಯದು. ಅವ್ವ, ನಾನು, ನನ್ನ ಸಣ್ಣ ಮಗಳು. ಗಂಡ ರಾಯಚೂರಿನಲ್ಲಿ ಕೆಲಸಕ್ಕಿದ್ದರು, ಐತವಾರಕ್ಕೊಮ್ಮೆ ಬರುತ್ತಿದ್ದರು. ಆ ವರ್ಷಗಳಲ್ಲಿ ನನಗೆ ಯಾವ ಹಬ್ಬ ಹೇಗಾಯಿತು ಅನ್ನುವುದು ನೆನಪಿಲ್ಲ. ನೆನಪಿರುವುದು ದಣಿವು. ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಬಂದು, ಕಂಡಕ್ಟರ್ ಎಬ್ಬಿಸಿದಾಗ ಯಾವ ಊರು ಅಂತ ಗೊತ್ತಾಗದ ದಣಿವು.

ಆ ದವಾಖಾನೆಯ ಹಿಂದಿನ ಶೆಡ್ಡಿನಲ್ಲಿ ಇದ್ದವರು ನಾನು ಹೇಳಿದ ಮುದುಕರು. ಅವರು ಪಾದ್ರಿಯಲ್ಲ, ಬ್ರದರ್. ಅಂದರೆ ಪೂಜೆ ಮಾಡಿಸುವವರಲ್ಲ, ಮದುವೆಯಾಗದೆ ಮಿಶನ್ನಿಗೆ ಸೇರಿ ಕೈಕೆಲಸ ಮಾಡುವವರು. ಬೆಲ್ಜಿಯಂ ದೇಶದ ಯಾವುದೋ ಹಳ್ಳಿಯಿಂದ ಹರೆಯದಲ್ಲಿ ಬಂದವರು ಇಲ್ಲೇ ಉಳಿದಿದ್ದರು. ಸ್ಪರ್ಶವಿಲ್ಲದ ಪಾದಗಳಿಗೆ ಮೆತ್ತನೆಯ ರಬ್ಬರಿನ ಚಪ್ಪಲಿ ಹೊಲಿಯುವುದು ಅವರ ಕೆಲಸ. ಪ್ರತಿಯೊಬ್ಬರ ಪಾದದ ಗುರುತನ್ನು ಕಾಗದದ ಮೇಲೆ ಬರೆದುಕೊಂಡು, ಹುಣ್ಣು ಇರುವಲ್ಲಿ ರಬ್ಬರನ್ನು ಕೆತ್ತಿ ತಗ್ಗು ಮಾಡುತ್ತಿದ್ದರು. ರೋಗಿಗಳು ಅವರನ್ನು ಯಪ್ಪಾ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ನಮ್ಮ ಕಡೆಯ ಮಾತನ್ನು ನಮ್ಮ ಹಾಗೇ ಆಡುತ್ತಿದ್ದರು, ಳಕಾರ ಒಂದು ಮಾತ್ರ ನಾಲಿಗೆಗೆ ಹೊರಳುತ್ತಿರಲಿಲ್ಲ. ಹುಳಿ ಅನ್ನುವುದಕ್ಕೆ ಹುಲಿ ಅನ್ನುತ್ತಿದ್ದರು. ಇಲ್ಲಿ ಅವರ ಮಾತನ್ನು ಸರಿ ಮಾಡಿಯೇ ಬರೆಯುತ್ತೇನೆ.

ಒಂದು ದಿನ ಪಟ್ಟಿಯ ಬಟ್ಟೆ ಕುದಿಸಲು ಶೆಡ್ಡಿನ ಕಡೆ ಹೋದೆ. ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟು, ಪಾತ್ರೆಯ ತಳ ಕಪ್ಪಾಗಿ ಹೊಗೆ ಎದ್ದಿತ್ತು. ಯಪ್ಪಾ ಒಲೆಗೆ ಬೆನ್ನು ಹಾಕಿ, ಎರಡು ಮೊಳ ದೂರದಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದರು.

"ಯಪ್ಪಾ, ಹಾಲು ಸೀದು ಹೋಗ್ಯಾದಲ್ರಿ. ವಾಸನಿ ಬರಲಿಲ್ಲೇನ್ರಿ?"

ತಿರುಗಿ ನೋಡಿದರು. ಎದ್ದು ಪಾತ್ರೆ ಇಳಿಸಿದರು.

"ಮಳಿಗಾಲದಾಗ ಜ್ವರ ಬಂದಿತ್ತಲ್ಲ ತಂಗಿ, ಅವಾಗಿಂದ ಮೂಗು ಸತ್ತದ. ಉಪ್ಪು, ಸಿಹಿ, ಹುಳಿ, ಕಹಿ, ಇಷ್ಟು ನಾಲಿಗಿಗೆ ಗೊತ್ತಾಗ್ತದ. ಅದರ ಆಚಿಗಿಂದು ಏನೂ ಇಲ್ಲ. ಯಾರಿಗೂ ಹೇಳಬ್ಯಾಡ. ಡಾಕ್ಟರಿಗೆ ಗೊತ್ತಾದ್ರ ಊರಿಗೆ ಕಳಸ್ತಾರ."

ನಾನು ಹೇಳಲಿಲ್ಲ. ಡಾಕ್ಟರಿಗೆ ಹೇಳಬೇಕಾದ ರೋಗಿಗಳ ಮಾತುಗಳೇ ನನಗೆ ಬೇಕಾದಷ್ಟಿದ್ದವು.

ಚಳಿಗಾಲ ಶುರುವಾದಾಗ ಅವರ ಬೀರಿನ ಕೆಲಸವೂ ಶುರುವಾಯಿತು. ವರ್ಷಕ್ಕೆ ಒಂದೇ ಸಲ, ಕ್ರಿಸ್ಮಸ್ಸಿಗೆ ಇಪ್ಪತ್ತು ಬಾಟಲಿ. ಅವರ ಹಳ್ಳಿಯಲ್ಲಿ ತಾಯಿ ಅಡುಗೆಮನೆಯಲ್ಲೇ ಮಾಡುತ್ತಿದ್ದಳಂತೆ. ರಾಯಚೂರಿನ ಗಂಜ್ ಪೇಟೆಯಿಂದ ತಂದ ಗೋಧಿಯನ್ನು ನೆನೆಸಿ, ಒದ್ದೆ ಗೋಣಿಚೀಲದ ಮೇಲೆ ಮೊಳಕೆ ಬರಿಸಿ, ಮಾಳಿಗೆಯ ಮೇಲೆ ಒಣಗಿಸಿ, ತರಿತರಿಯಾಗಿ ಬೀಸಿ, ಬಿಸಿನೀರಿನಲ್ಲಿಟ್ಟು ಸೋಸುತ್ತಿದ್ದರು. ಆ ನೀರಿಗೆ ಅವರ ತಂಗಿ ಊರಿನಿಂದ ಅಂಚೆಯಲ್ಲಿ ಕಳಿಸುವ ಕಹಿ ಒಣಹೂ ಹಾಕಿ ಕುದಿಸುತ್ತಿದ್ದರು. ಕಡೆಗೆ ಜಜ್ಜಿದ ಹವೀಜ, ಅಂದರೆ ಕೊತ್ತಂಬರಿ ಬೀಜ, ಮತ್ತು ಒಣಗಿಸಿದ ಮೋಸಂಬಿ ಸಿಪ್ಪೆ. ಬೀರಿನಲ್ಲಿ ಹವೀಜ ಯಾಕೆ ಅಂತ ಕೇಳಿದ್ದಕ್ಕೆ, ನಿಮ್ಮ ಸಾರಿನಾಗ ಯಾಕ, ಅಂದಿದ್ದರು. ಹುಳಿ ಬರಿಸುವುದಕ್ಕೆ ಮಾತ್ರ ಊರಿನದೇ ಹೆಪ್ಪು: ಸೇಂದಿ ಗಡಿಗೆಯ ತಳದ ಗಸಿ. ಅದನ್ನು ತರುತ್ತಿದ್ದವರು ದವಾಖಾನೆಯ ಕಾವಲುಗಾರ ಕಾಕಾ. ಅವರೂ ಹಿಂದೆ ಅಲ್ಲಿಯೇ ಗುಣವಾದವರು. ಎರಡೂ ಕೈಯ ಬೆರಳು ಅರ್ಧಕ್ಕೆ ನಿಂತಿದ್ದವು, ಆದರೂ ಅಂಗೈ ಎರಡರ ನಡುವೆ ಗಡಿಗೆ ಹಿಡಿದು ಒಂದು ಹನಿ ಚೆಲ್ಲದೆ ತರುತ್ತಿದ್ದರು.

ಆ ವರ್ಷ ಯಪ್ಪಾ ನನ್ನನ್ನು ಕರೆದು ನೇರವಾಗಿ ಕೇಳಿದರು.

"ತಂಗಿ, ನನಗ ನಿನ್ನ ಮೂಗು ಬೇಕು, ನಾಲಿಗಿ ಬೇಕು. ಒಂದ ಗುಟುಕು ಕುಡದು ಹೆಂಗ ಅದ ಅಂತ ಹೇಳಬೇಕು."

"ಕಾಕಾಗ ಕುಡಸ್ರಿ ಯಪ್ಪಾ."

"ಅವ ಎಲ್ಲಾನೂ ಚಲೋ ಅದ ಅಂತಾನ. ನೀನು ಹಂಗ ಅನ್ನಾಕಿ ಅಲ್ಲ."

ಆಗುವುದಿಲ್ಲ ಅಂದೆ. ಯಾಕೆ ಅಂತ ಅಪ್ಪನ ವಿಷಯವನ್ನೂ ಹೇಳಿದೆ. ನಾಲ್ಕೇ ಮಾತಿನಲ್ಲಿ ಹೇಳಿದೆ ಅಂತ ಕಾಣುತ್ತದೆ. ಅವರು ಹೊಲಿಗೆ ನಿಲ್ಲಿಸಿ ಕೇಳಿದರು. ಸಮಾಧಾನದ ಮಾತು ಹೇಳಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. "ಹಂಗಾದ್ರ ಬ್ಯಾಡ ಬಿಡು" ಅಂದು ಮತ್ತೆ ದಬ್ಬಣ ಕೈಗೆತ್ತಿಕೊಂಡರು.

ಆಮೇಲೆ ಹತ್ತು ದಿನ, ಪಟ್ಟಿ ಕುದಿಸಲು ಹೋದಾಗಲೆಲ್ಲ, ಅವರನ್ನು ನೋಡುತ್ತಿದ್ದೆ. ಹವೀಜವನ್ನು ಅಂಗೈಯಲ್ಲಿಟ್ಟು ಮೂಗಿಗೆ ಒತ್ತಿ ಹಿಡಿಯುತ್ತಿದ್ದರು. ಸ್ವಲ್ಪ ಹಾಕುತ್ತಿದ್ದರು, ನಿಲ್ಲುತ್ತಿದ್ದರು, ಇನ್ನೊಂದಿಷ್ಟು ತೆಗೆದುಕೊಂಡು ಮತ್ತೆ ಡಬ್ಬಿಗೆ ಹಾಕುತ್ತಿದ್ದರು. ನಾನು ಕರುಣೆಯಿಂದ ಒಪ್ಪಿದೆ ಅಂತ ಹೇಳಲಾರೆ. ಅಷ್ಟು ನಿಖರವಾಗಿ ಕೆಲಸ ಮಾಡುವ ಮನುಷ್ಯ ಅಂದಾಜಿನ ಮೇಲೆ ಕೈಯಾಡಿಸುವುದನ್ನು ನೋಡಲು ಆಗಲಿಲ್ಲ, ಅಷ್ಟೇ. ಒಂದು ಮಧ್ಯಾಹ್ನ ರೋಗಿಗಳು ಹೋದ ಮೇಲೆ ನಾನೇ ಶೆಡ್ಡಿಗೆ ಹೋಗಿ, "ತರ್ರಿ ಯಪ್ಪಾ, ಒಂದ ಗುಟುಕು" ಅಂದೆ.

ಅವರು ಗಾಜಿನ ಲೋಟವನ್ನು ಎರಡು ಸಲ ತೊಳೆದು ಅರ್ಧ ತುಂಬಿಸಿದರು. ಮಬ್ಬು ಬಣ್ಣ, ಅಕ್ಕಿ ತೊಳೆದ ನೀರಿಗೆ ಚೂರು ಅರಿಶಿಣ ಬೆರೆತ ಹಾಗೆ. ಮೇಲೆ ಬಿಳಿ ನೊರೆ. ಮೂಗಿನ ಹತ್ತಿರ ತಂದ ಕೂಡಲೇ ಸೇಂದಿಯ ವಾಸನೆ ಬಂತು. ಅಪ್ಪನ ತಲೆಗೂದಲಿನ ವಾಸನೆ. ಲೋಟ ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಯಪ್ಪಾ ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನೇ ಒಳಗೆ ಬಂದು, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ.

ಸೇಂದಿ ಮೂಗಿಗೆ ಮಾತ್ರ ಇತ್ತು. ಬಾಯೊಳಗೆ ಬೇರೆಯೇ ಆಯಿತು. ಮೊದಲು ನಾಲಿಗೆಯ ಮೇಲೆ ಚುರುಚುರು ಗುಳ್ಳೆ. ಆಮೇಲೆ ಹಸಿ ಗೋಧಿಹಿಟ್ಟು ಕಲಸಿಟ್ಟ ಪಾತ್ರೆಯ ವಾಸನೆ. ನುಂಗಿದ ಮೇಲೆ ಹವೀಜ, ಎಲ್ಲಕ್ಕಿಂತ ಕಡೆಗೆ ಮೋಸಂಬಿ ಸಿಪ್ಪೆಯನ್ನು ಉಗುರಿನಿಂದ ಚಿವುಟಿದಾಗ ಬರುತ್ತದಲ್ಲ, ಆ ಘಾಟು.

"ಅನ್ನು" ಅಂದರು ಯಪ್ಪಾ. ಮುಂದಕ್ಕೆ ಬಗ್ಗಿ ಕೂತಿದ್ದರು.

"ಚಲೋ ಅದರಿ."

"ಚಲೋ ಅನ್ನೂದು ರುಚಿ ಅಲ್ಲ. ಹವೀಜ ಮುಂದ ಬರ್ತದೋ ಹಿಂದ ಬರ್ತದೋ?"

"ಹಿಂದ."

"ಹುರದ ಹವೀಜದಂಗೋ, ಹಸಿ ಹವೀಜದಂಗೋ?"

ಮತ್ತೊಂದು ಗುಟುಕು ಕುಡಿಯಬೇಕಾಯಿತು. "ಹಸಿ. ಸ್ವಲ್ಪ ಜಾಸ್ತಿ ಆಗ್ಯಾದ್ರಿ. ಸಬಕಾರದಂಗ ಅನ್ನಸ್ತದ."

ಅವರು ತಲೆಯಾಡಿಸಿ ಪುಸ್ತಕದಲ್ಲಿ ತಮ್ಮ ಭಾಷೆಯಲ್ಲಿ ಏನೋ ಬರೆದುಕೊಂಡರು. ಸಿಪ್ಪೆಯ ವಾಸನೆ ಎಷ್ಟು ಹೊತ್ತು ನಿಲ್ಲುತ್ತದೆ, ಹಿಟ್ಟಿನ ವಾಸನೆ ಹಳೆಯದೋ ಹೊಸದೋ, ಕಹಿ ಗಂಟಲಿಗೆ ಹತ್ತುತ್ತದೋ ಇಲ್ಲವೋ. ಒಂದು ಗಂಟೆ ಕೇಳಿದರು. ರುಚಿಯ ಬಗ್ಗೆ ಯಾರಾದರೂ ಅಷ್ಟು ಹೊತ್ತು ಮಾತನಾಡಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಊಟ ಅಂದರೆ ಉಪ್ಪು ಆಗಿದೆ ಅಥವಾ ಆಗಿಲ್ಲ, ಅಷ್ಟೇ. ಕಡೆಗೆ ಅವರೂ ಲೋಟದಲ್ಲಿ ಉಳಿದದ್ದನ್ನು ಕುಡಿದರು. ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ನುಂಗಿ, "ನೀ ಹೇಳಿದ ಮ್ಯಾಲ ಸ್ವಲ್ಪ ಸಿಕ್ಕಂಗಾತು" ಅಂದರು.

ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಿದ್ದೆ. ಅವ್ವನ ಎದುರು ಹೋಗುವ ಮೊದಲು ಲವಂಗ ಅಗಿದೆ.

ಹೀಗೆ ಅದು ವರ್ಷಕ್ಕೊಂದು ಸಲದ ಕೆಲಸವಾಯಿತು. ಮೂರು ಚಳಿಗಾಲ ರುಚಿ ಹೇಳಿದೆ. ಎರಡನೆಯ ವರ್ಷ ಹವೀಜ ಸರಿಯಾಯಿತು, ಮೂರನೆಯ ವರ್ಷ ಸಿಪ್ಪೆ. ಸೇಂದಿಯ ವಾಸನೆ ಕಳೆಯಲು ಗಸಿಯನ್ನು ಸಕ್ಕರೆನೀರಿನಲ್ಲಿ ಎರಡು ಸಲ ತೊಳೆದು ಬಳಸಿ ಅಂತ ನಾನೇ ಹೇಳಿದೆ, ಅದು ಸರಿಹೋಯಿತು. ಹಾಗಂತ ನನಗೆ ಬೀರಿನ ರುಚಿ ಹತ್ತಲಿಲ್ಲ. ಎರಡು ಗುಟುಕಿನ ಮೇಲೆ ಕುಡಿದವಳಲ್ಲ. ಆದರೆ ವಾರವೆಲ್ಲ ಹುಣ್ಣು ತೊಳೆದ ಮೇಲೆ, ಯಾರೋ ನನ್ನ ಬಾಯಿಂದ ಬರುವ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಾರೆ ಅನ್ನುವುದು ಹೊಸದಾಗಿತ್ತು.

ನಾಲ್ಕನೆಯ ವರ್ಷ ಯಪ್ಪಾ ಚಪ್ಪಲಿ ಅಳತೆ ತೆಗೆಯುವಾಗ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಮಿಶನ್ನಿನ ಹಿರಿಯರು ಇನ್ನು ಸಾಕು, ಊರಿಗೆ ಹೋಗಿ ಅಂದರು. ಏಪ್ರಿಲ್‌ನಲ್ಲಿ ಹೊರಡುವುದು ಅಂತ ಆಯಿತು. ಆ ಚಳಿಗಾಲ ಅವರು ಹಾಸಿಗೆಯಲ್ಲಿದ್ದುದರಿಂದ ಬೀರು ಮಾಡಲು ಆಗಿರಲಿಲ್ಲ. ಮಾರ್ಚಿನಲ್ಲಿ ಎದ್ದು ಕೂತವರೇ ಹಟ ಹಿಡಿದರು. ಹೊರಡುವ ಮೊದಲು ದವಾಖಾನೆಯವರಿಗೆಲ್ಲ ಒಂದೊಂದು ಲೋಟ ಕೊಟ್ಟು ಹೋಗಬೇಕು ಅಂತ.

ನಮ್ಮ ಕಡೆಯ ಮಾರ್ಚ್ ಅಂದರೆ ಗೊತ್ತಲ್ಲ. ಶೆಡ್ಡಿನ ತಗಡು ಕಾದು ಒಳಗೆ ನಿಲ್ಲಲು ಆಗುತ್ತಿರಲಿಲ್ಲ. ಒದ್ದೆ ಗೋಣಿ ಸುತ್ತಿ, ಕಾಕಾನಿಂದ ದಿನಕ್ಕೆ ಆರು ಸಲ ನೀರು ಹೊಡೆಸಿ ಜಾಡಿಗಳನ್ನು ಇಟ್ಟರು.

ರುಚಿ ನೋಡಬೇಕಾದ ದಿನ ಗುರುವಾರ. ನಾನು ಬೆಳಿಗ್ಗೆ ಐದಕ್ಕೆ ಎದ್ದು ಸಿರವಾರಕ್ಕೆ ಹೋಗಿದ್ದೆ. ಹಿಂದಿನ ಎರಡು ದಿನ ಮಗಳಿಗೆ ಜ್ವರ, ನಿದ್ದೆ ಇರಲಿಲ್ಲ. ಸಿರವಾರದಲ್ಲಿ ಒಬ್ಬ ಹೆಣ್ಣುಮಗಳ ಪಾದದಲ್ಲಿ ಹುಳ ಬಿದ್ದಿತ್ತು. ಇಬ್ಬರು ಹಿಡಿದುಕೊಳ್ಳಬೇಕಿರಲಿಲ್ಲ, ಆಕೆಗೆ ನೋವೇ ಇರಲಿಲ್ಲ. ಆಕೆ ನನ್ನ ಜೊತೆ ಜೋಳದ ಬೆಳೆಯ ಮಾತಾಡುತ್ತಿದ್ದಳು, ನಾನು ಚಿಮಟದಿಂದ ಹುಳ ತೆಗೆಯುತ್ತಿದ್ದೆ. ವಾಪಸ್ಸು ಬರುವಾಗ ಬಸ್ಸು ಕೆಟ್ಟು, ಬಿಸಿಲಿನಲ್ಲಿ ನಡೆದು, ಇನ್ನೊಂದು ಬಸ್ಸು ಹಿಡಿದು ದವಾಖಾನೆ ಮುಟ್ಟಿದಾಗ ಸಂಜೆ ಐದಾಗಿತ್ತು. ಯಪ್ಪಾ ಲೋಟ ತೊಳೆದಿಟ್ಟು, ಪುಸ್ತಕ ತೆರೆದು ಕಾಯುತ್ತಿದ್ದರು.

ಒಂದು ಗುಟುಕು ಬಾಯಿಗೆ ಹೋದ ಕೂಡಲೇ ಗೊತ್ತಾಯಿತು. ಹುಣ್ಣಿನ ಮೇಲೆ ಮೂರು ದಿನ ಇದ್ದ ಪಟ್ಟಿಯ ವಾಸನೆ. ಮದ್ದು, ಕೀವು, ಒದ್ದೆ ಬಟ್ಟೆ ಎಲ್ಲ ಸೇರಿದ್ದು. ಒಂದು ಗಳಿಗೆ ಅದು ನನ್ನ ಕೈಯ ವಾಸನೆಯೇ ಇರಬೇಕು ಅಂದುಕೊಂಡೆ. ಕೈ ಹಿಂದೆ ಇಟ್ಟುಕೊಂಡು ಮತ್ತೆ ಕುಡಿದೆ. ಅಲ್ಲ, ಬೀರೇ ಕೆಟ್ಟಿತ್ತು. ಬಿಸಿಲಿಗೆ ಗಸಿಯಲ್ಲಿದ್ದ ಏನೋ ಕೆಟ್ಟದ್ದು ಬೆಳೆದುಬಿಟ್ಟಿತ್ತು.

"ಅನ್ನು ತಂಗಿ."

ಕೆಟ್ಟದ ಅಂದರೆ ಯಾವ ವಾಸನೆ ಅನ್ನುತ್ತಾರೆ. ಮುಂದೆಯೋ ಹಿಂದೆಯೋ ಅನ್ನುತ್ತಾರೆ. ಇನ್ನೊಂದು ಜಾಡಿ ತೆಗೆಯುತ್ತಾರೆ, ಅದನ್ನೂ ಕುಡಿಯಬೇಕು. ಒಂದು ಗಂಟೆ ಆಗುತ್ತದೆ. ನನಗೆ ಮನೆಗೆ ಹೋಗಿ ಮಗಳ ಪಕ್ಕ ಮಲಗಬೇಕಿತ್ತು.

"ಹೋದ ವರ್ಷದಂಗ ಅದರಿ ಯಪ್ಪಾ. ಬಾಟ್ಲಿಗೆ ತುಂಬ್ರಿ" ಅಂದೆ.

ಅವರ ಮುಖ ಅರಳಿತು. ನಾನು ಬಾಯಿ ಮುಕ್ಕಳಿಸಿ ಬಸ್ಸಿಗೆ ಹೋದೆ. ಬಸ್ಸಿನಲ್ಲಿ ಪಶ್ಚಾತ್ತಾಪವೂ ಆಗಲಿಲ್ಲ. ನಿದ್ದೆ ಬಂದಿತ್ತು.

ಶನಿವಾರ ಬೆಳಿಗ್ಗೆ ಕಾಕಾ ನನ್ನನ್ನು ಗೇಟಿನಲ್ಲೇ ನಿಲ್ಲಿಸಿದರು. ಒಂದು ಬಾಟಲಿಯನ್ನು ಅಂಗೈಗಳ ನಡುವೆ ಹಿಡಿದಿದ್ದರು.

"ಅಕ್ಕಾರ, ಇದನ್ನ ನೀವು ಕುಡದಿರೇನು?"

"ಕುಡದೀನಿ ಕಾಕಾ."

"ಕುಡದು ಚಲೋ ಅದ ಅಂದಿರೇನು?"

ಹೌದು ಅಂತ ತಲೆಯಾಡಿಸಿದೆ.

"ನಾಳಿ ಮಂದಿ ಮುಂದ ಲೋಟ ತುಂಬಿ ಕೊಡ್ತಾರ. ಎಲ್ಲಾರೂ ಮಾರಿ ಕಿವಚ್ತಾರ. ಯಪ್ಪಾಗ ಯಾಕಂತ ತಿಳಿಯಂಗಿಲ್ಲ." ಕಾಕಾ ಸಿಟ್ಟಿಗೇಳುವವರಲ್ಲ, ಆಗಲೂ ಮೆತ್ತಗೇ ಹೇಳಿದರು. "ನೀವ ಹೇಳ್ತೀರೋ, ನಾ ಹೇಳಲೋ?"

"ನಾನ ಹೇಳ್ತೀನಿ."

ಯಪ್ಪಾ ತಮ್ಮ ಉಳಿ, ದಬ್ಬಣಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ನಾನು ನಿಂತೇ ಹೇಳಿದೆ. ಬೀರು ಕೆಟ್ಟಿದೆ, ಗುರುವಾರವೇ ಕೆಟ್ಟಿತ್ತು, ನನಗೆ ಗೊತ್ತಿತ್ತು.

ಅವರು ಕೈಯಲ್ಲಿದ್ದ ದಬ್ಬಣವನ್ನು ಪೆಟ್ಟಿಗೆಯಲ್ಲಿಟ್ಟರು.

"ನನಗ ಬ್ಯಾಸರ ಆಗಬಾರದು ಅಂತ ಚಲೋ ಅದ ಅಂದಿ" ಅಂದರು. "ಮುದುಕ, ಊರಿಗೆ ಹೊಂಟಾನ, ಪಾಪ ಅಂತ. ಎಲ್ಲಾರೂ ಈಗ ಹಂಗ ಮಾಡಾಕತ್ತಾರ. ನೀನೂ ಮಾಡ್ತೀ ಅಂತ ಅನ್ಕೊಂಡಿದ್ದಿಲ್ಲ."

ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅದು ನನಗೆ ಒಳ್ಳೆಯ ಹೆಸರನ್ನೇ ತರುತ್ತಿತ್ತು.

"ಅಲ್ರಿ ಯಪ್ಪಾ. ಪಾಪ ಅಂತ ಅಲ್ಲ. ನನಗ ದಣಿವಾಗಿತ್ತು. ಕೆಟ್ಟದ ಅಂದ್ರ ನೀವು ಒಂದ ತಾಸು ಕೇಳ್ತೀರಿ ಅಂತ ಗೊತ್ತಿತ್ತು. ಮನಿಗೆ ಹೋಗಬೇಕಿತ್ತು. ಅದಕ್ಕ ಹಂಗಂದೆ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಇಷ್ಟು ವರ್ಷ ನೋಡದವರನ್ನು ನೋಡಿದ ಹಾಗೆ. ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

"ಕೂಡು. ದಣಿವಾಗ್ಯಾದ ಅಂತ ಅವತ್ತ ಅನ್ನಬೇಕಿತ್ತು. ನಾನೂ ದಣದೀನಿ ತಂಗಿ. ನಾ ಏನು ನಿನ್ನ ತಡೀತಿದ್ದೆನು?"

ಕೂತೆ. ಅಳು ಬಂತು. ಬೀರಿಗಾಗಿ ಅಲ್ಲ, ಅವರು ಹೋಗುತ್ತಾರೆ ಅಂತಲೂ ಅಲ್ಲ. ಕೆಲಸಕ್ಕೆ ಸೇರಿದ ಮೇಲೆ ದಣಿವಾಗಿದೆ ಅಂತ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಅತ್ತು ಮುಗಿಸುವ ತನಕ ಅವರು ಕಾದರು. ಆಮೇಲೆ ಪುಸ್ತಕ ತೆಗೆದರು.

"ಈಗ ಅನ್ನು. ಹೆಂಗ ಕೆಟ್ಟದ?"

ಹೇಳಿದೆ. ಪಟ್ಟಿಯ ವಾಸನೆ ಹೇಳಿದೆ, ಅದು ಮೂಗಿಗೆ ಮೊದಲು ಬರುವುದಿಲ್ಲ, ನುಂಗಿದ ಮೇಲೆ ಗಂಟಲಿನಿಂದ ವಾಪಸ್ಸು ಬರುತ್ತದೆ ಅಂದೆ. ಹವೀಜ ಎಲ್ಲೋ ಒಳಗೆ ಹೂತುಹೋಗಿದೆ ಅಂದೆ. ಸಿಪ್ಪೆ ಇಲ್ಲವೇ ಇಲ್ಲ. ಅವರು ಒಂದೊಂದನ್ನೂ ಬರೆದುಕೊಂಡರು. ಚೆನ್ನಾಗಿದ್ದ ವರ್ಷಗಳಿಗಿಂತ ಹೆಚ್ಚು ಬರೆದುಕೊಂಡರು. ಆಮೇಲೆ ನಾವು ಮೂವರೂ ಸೇರಿ ಇಪ್ಪತ್ತೂ ಬಾಟಲಿಯ ಬಿರಡೆ ತೆಗೆದು ಬಚ್ಚಲ ಕಾಲುವೆಗೆ ಸುರಿದೆವು. ನೊರೆ ಮಾತ್ರ ಚಂದ ಬಂದಿತ್ತು. ಮರುದಿನ ಎಲ್ಲರಿಗೂ ನಿಂಬೆಹಣ್ಣಿನ ಶರಬತ್ತು ಕೊಟ್ಟರು. ಬೀರು ಎಲ್ಲಿ ಅಂತ ಡಾಕ್ಟರು ಕೇಳಿದಾಗ ಯಪ್ಪಾ, "ಕೆಟ್ಟು ಹೋತು. ನಮ್ಮ ತಂಗಿ ಹಿಡದಳು" ಅಂದರು. ಎರಡು ದಿನ ತಡವಾಗಿ ಹಿಡಿದಳು ಅಂತ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ಅವರನ್ನು ರಾಯಚೂರು ಸ್ಟೇಶನ್ನಿಗೆ ಬಿಡಲು ನಾನು ಹೋದೆ. ಮುಂಬಯಿ ತನಕ ಜೊತೆಗೆ ಹೋಗುವ ಪಾದ್ರಿ ಟಿಕೇಟಿನ ಕೆಲಸಕ್ಕೆ ಓಡಾಡುತ್ತಿದ್ದರು. ಗಾಡಿ ಎರಡು ತಾಸು ತಡ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ದಾರಿಯುದ್ದಕ್ಕೂ ಏನೇನೋ ಹೇಳಬೇಕು ಅಂದುಕೊಂಡು ಬಂದಿದ್ದೆ. ಬಿಸಿಗಾಳಿ ಬೀಸುತ್ತಿತ್ತು, ಬೆಂಚಿಗೆ ನೆರಳಿತ್ತು. ಕೂತಲ್ಲೇ ನನಗೆ ನಿದ್ದೆ ಹತ್ತಿತು.

ಎಚ್ಚರಾದಾಗ ಗಾಡಿ ಒಳಗೆ ಬರುತ್ತಿತ್ತು. ನನ್ನ ತಲೆ ಅವರ ಹೆಗಲ ಮೇಲಿತ್ತು. ಅವರು ಅಲುಗಾಡದೆ ಕೂತಿದ್ದರು, ಸೊಂಟ ನೋವಿನವರು, ಅಷ್ಟು ಹೊತ್ತು.

"ಎಬ್ಬಿಸೂದಲ್ಲೇನ್ರಿ ಯಪ್ಪಾ, ಮಾತಾಡೂದಿತ್ತು" ಅಂದೆ.

"ಮಲಗೂದೂ ಇತ್ತಲ್ಲ" ಅಂದರು.

ಪಾದ್ರಿ ಬಂದು ಅವರ ಕೈ ಹಿಡಿದು ಹತ್ತಿಸಿದರು. ಗಾಡಿ ನಿಂತದ್ದು ಕೆಲವೇ ನಿಮಿಷ. ಅವರ ಸೀಟಿನ ಕಿಟಕಿ ಆಚೆ ಬದಿಗಿತ್ತು, ಅವರ ಬೆನ್ನು ಮಾತ್ರ ಕಂಡಿತು.

ನಾನು ಹೊರಗೆ ಬಂದು ಮುಖ ತೊಳೆದುಕೊಂಡು, ಮಾನ್ವಿ ಬಸ್ಸು ಹಿಡಿದೆ. ಕಲ್ಲೂರಿನ ತನಕ ನಿಂತೇ ಬಂದೆ, ಅಲ್ಲಿ ಒಂದು ಸೀಟು ಖಾಲಿಯಾಯಿತು. ಮರುದಿನ ಮಂಗಳವಾರ, ದೇವದುರ್ಗ.